ಯೂನಿಟ್‌ಗೆ ಎಷ್ಟು ಕಿಲೋಮೀಟರ್? ವಿದ್ಯುತ್ ಬೈಕ್ ಕೊಳ್ಳುವವರಿಗೆ ಒಬ್ಬ ಗಣಿತ ಶಿಕ್ಷಕಿಯ ಲೆಕ್ಕ

ಕ್ಯಾತ್ಸಂದ್ರದ ನಮ್ಮ ಮನೆಯಿಂದ ತುಮಕೂರು ಪೇಟೆ ಹಾಯ್ದು, ಗುಬ್ಬಿ ದಾಟಿ, ನಾನು ಗಣಿತ ಕಲಿಸುವ ಪ್ರೌಢಶಾಲೆಯ ಗೇಟಿಗೆ 31 ಕಿಲೋಮೀಟರ್. ಹೋಗಿ ಬಂದರೆ 62. ಎರಡು ವರ್ಷಗಳಿಂದ ಈ ದಾರಿಯನ್ನು ಲಕ್ಷ ರೂಪಾಯಿ ಆಸುಪಾಸಿನಲ್ಲಿ ಸಿಕ್ಕ ಒಂದು ವಿದ್ಯುತ್ ಬೈಕಿನಲ್ಲಿ ಕ್ರಮಿಸುತ್ತಿದ್ದೇನೆ. ಸ್ಕೂಟರ್ ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆ. ಹೆದ್ದಾರಿ ಬಿಟ್ಟ ಮೇಲಿನ ಆರು ಕಿಲೋಮೀಟರ್ ಹಳ್ಳಿ ರಸ್ತೆಯ ಗುಂಡಿಗಳಿಗೆ 17 ಇಂಚಿನ ದೊಡ್ಡ ಚಕ್ರವೇ ಸರಿ. ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಅಲ್ಲಿಯವರೆಗೆ ಬೈಕ್ ಮುಟ್ಟದ ನಾನು ಒಂದು ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಕಲಿತು, ಸೋಮವಾರವೇ ಶಾಲೆಗೆ ಹೊರಟೆ.

ಸಹೋದ್ಯೋಗಿಗಳು ಕೇಳುವುದು ಮೂರೇ ಪ್ರಶ್ನೆ. ಎಷ್ಟು ದೂರ ಹೋಗುತ್ತದೆ, ಕರೆಂಟ್ ಬಿಲ್ ಎಷ್ಟು ಬರುತ್ತದೆ, ಬ್ಯಾಟರಿ ಎಷ್ಟು ವರ್ಷ ಬರುತ್ತದೆ. ನನ್ನ ಪ್ರಕಾರ ಮೂರಕ್ಕೂ ಉತ್ತರ ಹೊರಡುವುದು ಒಂದೇ ಸಂಖ್ಯೆಯಿಂದ: ನಿಮ್ಮ ದಾರಿಯಲ್ಲಿ, ನಿಮ್ಮ ವೇಗದಲ್ಲಿ, ಒಂದು ಯೂನಿಟ್ ವಿದ್ಯುತ್ತಿಗೆ ಬೈಕು ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದರಿಂದ. ಪೆಟ್ರೋಲ್ ಗಾಡಿಗೆ ಮೈಲೇಜ್ ಕೇಳುವ ನಾವು ಇಲ್ಲಿ ಮಾತ್ರ ಅದನ್ನು ಮರೆತು, ‘ಒಂದು ಚಾರ್ಜಿಗೆ ಎಷ್ಟು’ ಎಂದು ಕೇಳುತ್ತೇವೆ. ಮೋಸ ಹೋಗುವುದು ಅಲ್ಲೇ.

ಕೊಳ್ಳುವ ಮೊದಲಿನ ಭಾಗಾಕಾರ

ಬ್ಯಾಟರಿಯ ಗಾತ್ರವನ್ನು ಕಿಲೋವ್ಯಾಟ್ ಅವರ್‌ನಲ್ಲಿ ಬರೆದಿರುತ್ತಾರೆ. ಒಂದು ಕಿಲೋವ್ಯಾಟ್ ಅವರ್ ಎಂದರೆ ಮನೆಯ ಮೀಟರಿನ ಒಂದು ಯೂನಿಟ್, ಬೇರೇನೂ ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ರಿವೋಲ್ಟ್ ಆರ್‌ವಿ1 ಬೈಕಿಗೆ 2.2 ಮತ್ತು 3.24 ಯೂನಿಟ್‌ನ ಎರಡು ಬ್ಯಾಟರಿ ಆಯ್ಕೆಗಳಿದ್ದವು. ಘೋಷಿಸಿದ ದೂರ 100 ಮತ್ತು 160 ಕಿಲೋಮೀಟರ್, ಬಿಡುಗಡೆಯ ಬೆಲೆ 84,990 ಮತ್ತು 99,990 ರೂಪಾಯಿ. ಅದೇ ನವೆಂಬರ್‌ನಲ್ಲಿ ಬೆಂಗಳೂರಿನ ಓಬೆನ್ ಕಂಪನಿಯ ರೋರ್ ಈಜಿ 89,999 ರೂಪಾಯಿಯಿಂದ ಶುರುವಾಗಿ 2.6, 3.4, 4.4 ಯೂನಿಟ್‌ಗಳಲ್ಲಿ ಬಂತು. ದೂರವನ್ನು ಯೂನಿಟ್‌ನಿಂದ ಭಾಗಿಸಿ ನೋಡಿ. 160ನ್ನು 3.24ರಿಂದ ಭಾಗಿಸಿದರೆ ಯೂನಿಟ್‌ಗೆ ಸುಮಾರು 49 ಕಿಲೋಮೀಟರ್. ಯಾವ ಕಂಪನಿಯ ಬೈಕೇ ಆಗಲಿ, ಘೋಷಿತ ಸಂಖ್ಯೆ ಸಾಮಾನ್ಯವಾಗಿ ಪ್ರಯೋಗಾಲಯದ ಪರೀಕ್ಷೆಯದು. ಭಾರತದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಪರೀಕ್ಷಾ ಕ್ರಮದ ಗರಿಷ್ಠ ವೇಗವೇ ಗಂಟೆಗೆ 42 ಕಿಲೋಮೀಟರ್. ಅಲ್ಲಿ ಎದುರುಗಾಳಿ ಇಲ್ಲ, ಹಿಂದೆ ಕುಳಿತ ತಂಗಿ ಇಲ್ಲ, ಉತ್ತರಪತ್ರಿಕೆಗಳ ಚೀಲವೂ ಇಲ್ಲ.

ನನ್ನ ಬೈಕಿನ ಬ್ಯಾಟರಿ 3.2 ಯೂನಿಟ್‌ನದು. ಕಂಪನಿಯ ಹೆಸರು ಬರೆಯುವುದಿಲ್ಲ. ಹೆಸರಿಗಿಂತ ಲೆಕ್ಕ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಓಡಿಸಿದ ಲೆಕ್ಕ ಬರೆದಿಡುವ ನನ್ನ ಪುಸ್ತಕದಿಂದ ಒಂದು ದಿನದ ಬರಹವನ್ನು ಹಾಗೆಯೇ ಇಲ್ಲಿಡುತ್ತೇನೆ: ಹೊರಟಾಗ ಶೇ 100, ಮರಳಿದಾಗ ಶೇ 34, ದೂರ 62, ವೇಗ 60ರ ಆಸುಪಾಸು. ಖರ್ಚಾದದ್ದು 3.2ರಲ್ಲಿ ಶೇ 66, ಅಂದರೆ 2.11 ಯೂನಿಟ್. ಹಾಗಾದರೆ ಯೂನಿಟ್‌ಗೆ 29 ಕಿಲೋಮೀಟರ್. ಅದೇ ದಾರಿಯನ್ನು 45ರಿಂದ 50ರ ವೇಗದಲ್ಲಿ ಓಡಿಸಿದ ದಿನ 38 ಬಂತು. ವೇಗ ಹೆಚ್ಚಿದಂತೆ ಗಾಳಿಯ ತಡೆ ಅದರ ವರ್ಗದಷ್ಟು ಏರುತ್ತದೆ. ಹತ್ತನೇ ತರಗತಿಯ ಮಕ್ಕಳಿಗೆ ಈ ಮಾತನ್ನು ಈಗ ನಾನು ಬೈಕನ್ನು ತೋರಿಸಿಯೇ ಹೇಳುತ್ತೇನೆ.

ಇನ್ನು ಆಷಾಢ. ತುಮಕೂರಿನಿಂದ ಗುಬ್ಬಿಗೆ ಹೋಗುವುದೆಂದರೆ ಪಡುವಣಕ್ಕೆ ಮುಖ ಮಾಡಿ ಹೋಗುವುದು. ಮುಂಗಾರಿನ ಗಾಳಿ ನೇರ ಎದೆಗೆ ಬಡಿಯುತ್ತದೆ. ಬೆಳಿಗ್ಗೆ ಬ್ಯಾಟರಿ ಕಣ್ಣೆದುರೇ ಕರಗುತ್ತದೆ, ಸಂಜೆ ಅದೇ ಗಾಳಿ ಬೆನ್ನು ತಳ್ಳಿ ಒಂದಿಷ್ಟು ವಾಪಸು ಕೊಡುತ್ತದೆ. ತಂಗಿಯೂ ಜೊತೆಗಿದ್ದ ಅಂಥ ಒಂದು ದಿನ ಒಟ್ಟು ಲೆಕ್ಕ ಯೂನಿಟ್‌ಗೆ 26ಕ್ಕೆ ಇಳಿಯಿತು. ಎರಡು ವರ್ಷದ ಪುಸ್ತಕದಲ್ಲಿ ಅದೇ ಅತಿ ಕೆಳಗಿನ ಅಂಕಿ. ನೀವು ಬೈಕನ್ನು ಆರಿಸಬೇಕಾದದ್ದು ನಿಮ್ಮ ಅಂಥ ಕೆಟ್ಟ ದಿನಕ್ಕೆ.

ಲೆಕ್ಕ ಹೀಗಿದೆ. 26ನ್ನು 3.2ರಿಂದ ಗುಣಿಸಿದರೆ 83 ಕಿಲೋಮೀಟರ್. ಬ್ಯಾಟರಿ ಹಳತಾಗಿ ಐದರಲ್ಲಿ ನಾಲ್ಕು ಪಾಲು ಶಕ್ತಿಗೆ ಇಳಿದಾಗ ಉಳಿಯುವುದು 66. ನನ್ನ ಅಗತ್ಯ 62. ನಾಲ್ಕು ಕಿಲೋಮೀಟರ್ ಮಿಗುತ್ತದೆ, ಹಾಗಾಗಿ ಈ ಬ್ಯಾಟರಿ ನನಗೆ ಸಾಕು. ಶಾಲೆಯಲ್ಲಿ ಚಾರ್ಜ್ ಮಾಡಬಹುದಲ್ಲ ಎಂದು ಹಲವರು ಹೇಳಿದರು. ಶಾಲೆಯ ಮೀಟರು ಮಕ್ಕಳ ಪಾಲಿನದು. ಅದಕ್ಕೆ ನನ್ನ ಗಾಡಿಯನ್ನು ಸಿಕ್ಕಿಸಲು ನನಗೆ ಮನಸ್ಸಿಲ್ಲ. ನೀವು ಕೆಲಸದ ಜಾಗದಲ್ಲಿ ಹಣ ಕೊಟ್ಟು ಚಾರ್ಜ್ ಮಾಡಬಹುದಾದರೆ ಚಿಕ್ಕ ಬ್ಯಾಟರಿಯೂ ಸಾಕು, ಹತ್ತು ಹದಿನೈದು ಸಾವಿರ ಉಳಿಯುತ್ತದೆ.

ಪರೀಕ್ಷಾ ಸವಾರಿಗೆ ಶೋರೂಮಿನ ಸುತ್ತ ಒಂದು ಸುತ್ತು ಹಾಕಿ ಬರಬೇಡಿ. ನಿಮ್ಮ ದಾರಿಯ ಒಂದು ಏರು, ಒಂದು ಕೆಟ್ಟ ರಸ್ತೆ, ಒಂದು ಹೆದ್ದಾರಿ ತುಂಡು, ಇಷ್ಟಾದರೂ ಓಡಿಸಿ. ಚಾರ್ಜ್ ಶೇ 20ಕ್ಕಿಂತ ಕೆಳಗಿರುವ ಬೈಕನ್ನೂ ಒಮ್ಮೆ ಕೇಳಿ ಓಡಿಸಿ. ಆ ಮಟ್ಟದಲ್ಲಿ ಹಲವು ಬೈಕುಗಳು ತಾವಾಗಿಯೇ ವೇಗ ತಗ್ಗಿಸುತ್ತವೆ. ಹೆದ್ದಾರಿಯಲ್ಲಿ ಹಿಂದೆ ಲಾರಿ ಇದ್ದಾಗ ಅದು ಮೊದಲ ಸಲ ತಿಳಿಯುವುದು ಬೇಡ. ಸಬ್ಸಿಡಿಯ ಬಗ್ಗೆ ಒಂದೇ ಮಾತು: ಅದು ಇದ್ದರೆ ಬಿಲ್ಲಿನಲ್ಲೇ ಕಳೆದಿರುತ್ತದೆ, ಆಮೇಲೆ ಖಾತೆಗೆ ಬರುತ್ತದೆ ಎಂದು ಕಾಯಬೇಡಿ.

ಬ್ಯಾಟರಿಯ ಜಾತಿಯನ್ನೂ ಕೇಳಿ; ಲಿಥಿಯಂ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಜಾತಿ. ಎಲ್‌ಎಫ್‌ಪಿ ಎಂದರೆ ತೂಕ ಸ್ವಲ್ಪ ಹೆಚ್ಚು, ಬಿಸಿಲಿಗೆ ತಾಳಿಕೆ ಹೆಚ್ಚು, ಹಾಳಾಗುವ ಮುಂಚೆ ಚಾರ್ಜ್ ಮಾಡಬಹುದಾದ ಸಲಗಳೂ ಹೆಚ್ಚು. ಎನ್‌ಎಂಸಿ ಹಗುರ, ಅಷ್ಟೇ ಗಾತ್ರಕ್ಕೆ ಹೆಚ್ಚು ಶಕ್ತಿ ಹಿಡಿಯುತ್ತದೆ, ಶಾಖಕ್ಕೆ ಹೆಚ್ಚು ಸೂಕ್ಷ್ಮ. ನಮ್ಮ ಬಯಲುಸೀಮೆಯ ಏಪ್ರಿಲ್ ನೆನೆದು ನಾನು ಎಲ್‌ಎಫ್‌ಪಿ ಆರಿಸಿದೆ.

ಚಾರ್ಜಿಂಗ್: ಗೋಡೆಯ ಪ್ಲಗ್ಗಿನಿಂದ ಶುರು ಮಾಡಿ

ಇಡೀ ಬರಹದಲ್ಲಿ ಒಂದೇ ಒಂದು ವಿಷಯವನ್ನು ನೀವು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಲಿ.

ಬೈಕ್ ಬಂದ ಐದನೇ ವಾರ. ರಾತ್ರಿ ಪ್ಲಗ್ ತೆಗೆಯಲು ಕೈ ಇಟ್ಟರೆ ಸುಡುತ್ತಿತ್ತು. ಸಾಕೆಟ್ಟಿನ ಒಂದು ತೂತಿನ ಸುತ್ತ ಕಂದು ಬಣ್ಣದ ಉಂಗುರ, ಸುಟ್ಟ ಪ್ಲಾಸ್ಟಿಕ್ಕಿನ ಸಣ್ಣ ವಾಸನೆ. ಬೆಳಿಗ್ಗೆ ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಬಂದರು. ಹೋಲ್ಡರಿಗೆ ಹಾಕಿದ ನೂರು ವ್ಯಾಟಿನ ಹಳೆಯ ಬಲ್ಬು, ಅದರಿಂದ ಇಳಿಬಿದ್ದ ಎರಡು ತಂತಿ, ಇಷ್ಟೇ ಅವರ ಸಲಕರಣೆ. ಫೇಸ್ ಮತ್ತು ನ್ಯೂಟ್ರಲ್‌ಗೆ ಹಿಡಿದಾಗ ಬಲ್ಬು ಝಗ್ಗನೆ ಹೊತ್ತಿತು. ಫೇಸ್ ಮತ್ತು ಅರ್ತಿಂಗ್‌ಗೆ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿಗೆ) ಹಿಡಿದಾಗ ಒಳಗಿನ ತಂತಿ ಮಾತ್ರ ಊದುಬತ್ತಿಯ ತುದಿಯಂತೆ ಕೆಂಪಗಾಯಿತು.

“ಟೀಚರೇ, ನಿಮ್ಮ ಮನೆಯಲ್ಲಿ ಅರ್ತಿಂಗ್ ಹೆಸರಿಗೆ ಮಾತ್ರ ಇದೆ. ಗುಂಡಿಗೆ ನೀರು ಹಾಕಿ ಎಷ್ಟು ವರ್ಷವಾಯಿತು?” ಎಂದರು.

ಮನೆ ಕಟ್ಟಿದ ಮೇಲೆ ಹಾಕಿಯೇ ಇರಲಿಲ್ಲ. ಹಿತ್ತಲಲ್ಲಿ ಮುಚ್ಚಳ ತೆಗೆದರೆ ಮಣ್ಣು ಬೂದಿಯಂತೆ ಒಣಗಿತ್ತು. ಅಗೆದು, ಹೊಸ ಇದ್ದಿಲು ಉಪ್ಪು ತುಂಬಿಸಿ, ಕೊಡಗಟ್ಟಲೆ ನೀರು ಸುರಿದೆವು. ಬೈಕಿಗೆಂದೇ 16 ಆಂಪಿಯರಿನ ಬೇರೆ ಸಾಕೆಟ್, ಮೀಟರ್ ಬೋರ್ಡಿನಿಂದ ನೇರವಾಗಿ ಬರುವ ಬೇರೆ ತಂತಿ, ಹೊರೆ ಹೆಚ್ಚಾದರೆ ತಾನಾಗಿ ಕಡಿಯುವ ಒಂದು ಎಂಸಿಬಿ, ಸೋರಿಕೆಯಾದರೆ ತಟ್ಟನೆ ಕಡಿಯುವ ಆರ್‌ಸಿಸಿಬಿ ಹಾಕಿಸಿದೆ. ಅಂದಿನಿಂದ ಪ್ಲಗ್ ಬೆಚ್ಚಗಾಗುವುದಕ್ಕಿಂತ ಹೆಚ್ಚಿಗೆ ಹೋಗಿಲ್ಲ. ಆ ಬಲ್ಬಿನ ಪರೀಕ್ಷೆಯನ್ನು ದಯವಿಟ್ಟು ನೀವೇ ಮಾಡಬೇಡಿ, ಬಲ್ಲವರನ್ನು ಕರೆಸಿ. ಆದರೆ ಬೈಕು ಮನೆಗೆ ಬರುವ ಮುಂಚೆಯೇ ಕರೆಸಿ. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಚಾರ್ಜಿಗೆ ಹಾಕುವುದನ್ನು ಇಂದೇ ನಿಲ್ಲಿಸಿ.

ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ; ಬ್ಯಾಟರಿ ಆರಲು ಒಂದು ಗಂಟೆ ಬಿಡಿ. ಮಳೆಯಲ್ಲಿ ನೆನೆದು ಬಂದರೆ ಚಾರ್ಜಿಂಗ್ ತೂತನ್ನು ಒರೆಸಿ ಒಣಗಿಸಿದ ಮೇಲೆಯೇ ಸಿಕ್ಕಿಸಿ. ಎಲ್‌ಎಫ್‌ಪಿ ಬ್ಯಾಟರಿಯಾದರೆ ವಾರಕ್ಕೊಮ್ಮೆಯಾದರೂ ಪೂರ್ತಿ ಶೇ 100ಕ್ಕೆ ಬಿಡಿ, ಇಲ್ಲವಾದರೆ ಪರದೆಯ ಶೇಕಡಾ ಲೆಕ್ಕ ತಪ್ಪತೊಡಗುತ್ತದೆ. ಎನ್‌ಎಂಸಿಯಾದರೆ ದಿನನಿತ್ಯ ಶೇ 80–90ಕ್ಕೆ ನಿಲ್ಲಿಸುವುದು ಅದಕ್ಕೆ ಹಿತ. ದಸರಾ ರಜೆ, ಬೇಸಿಗೆ ರಜೆಗಳಲ್ಲಿ ಬೈಕು ನಿಲ್ಲಿಸಿ ಊರಿಗೆ ಹೋಗುವಾಗ ಅರ್ಧಕ್ಕಿಂತ ತುಸು ಮೇಲೆ ಇಟ್ಟು ಹೋಗಿ. ಖಾಲಿಯಾಗಿ ವಾರಗಟ್ಟಲೆ ಬಿಟ್ಟರೆ ಬ್ಯಾಟರಿಗೆ ಪೆಟ್ಟು.

ಬಿಲ್ಲಿನ ವಿಷಯ. ತಿಂಗಳಿಗೆ ನನ್ನ ಓಟ ಸುಮಾರು 1,500 ಕಿಲೋಮೀಟರ್. ಬ್ಯಾಟರಿಯಿಂದ ಹೋಗುವುದು 50 ಯೂನಿಟ್. ಚಾರ್ಜರ್ ಬಿಸಿಯಾಗಿ ಕಳೆಯುವುದೂ ಸೇರಿ ಮೀಟರಿನಲ್ಲಿ ಓಡುವುದು 57. 2025ರ ಏಪ್ರಿಲ್‌ನಿಂದ ಗೃಹಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಆಯಿತು. ತೆರಿಗೆ, ಸರ್‌ಚಾರ್ಜ್ ಸೇರಿಸಿ ಏಳು ರೂಪಾಯಿ ಎಂದೇ ಹಿಡಿದರೂ 400 ರೂಪಾಯಿ. ಲೀಟರಿಗೆ 50 ಕೊಡುವ ಪೆಟ್ರೋಲ್ ಗಾಡಿಗೆ 30 ಲೀಟರ್ ಬೇಕು. 2025ರಲ್ಲಿದ್ದ ಸುಮಾರು 103 ರೂಪಾಯಿ ದರದಂತೆ 3,090.

ಆದರೆ ಗೃಹಜ್ಯೋತಿ ಇರುವ ಮನೆಯವರು ಇನ್ನೊಂದು ಲೆಕ್ಕ ಹಾಕಲೇಬೇಕು. ನಮ್ಮ ಹಿಂದಿನ ಸರಾಸರಿ 74 ಯೂನಿಟ್, ಅದರ ಮೇಲೆ ಶೇ 10 ಸೇರಿ 81ರವರೆಗೆ ಉಚಿತ. ಬೈಕು ಸೇರಿ 131 ಆದರೆ ಹೆಚ್ಚುವರಿ 50ಕ್ಕೆ ಮಾತ್ರ ಹಣ. ಒಟ್ಟು ಬಳಕೆ 200 ದಾಟಿದರೆ ಪೂರ್ತಿ ಬಿಲ್ಲೇ ಕಟ್ಟಬೇಕು. ನಿಮ್ಮ ಮನೆ ಈಗಾಗಲೇ 150ರ ಮೇಲಿದ್ದರೆ ಬೈಕಿನ ನಿಜವಾದ ಖರ್ಚು ಹಲವು ಪಟ್ಟು ಏರುತ್ತದೆ. ಕೊಳ್ಳುವ ಮೊದಲು ಹಳೆಯ ಬಿಲ್ಲುಗಳನ್ನು ತೆಗೆದು ನೋಡಿ.

ದಾರಿಯಲ್ಲಿ, ಮನೆಯಲ್ಲಿ

ಈ ಬೈಕಿಗೆ ಸದ್ದಿಲ್ಲ. ಅದು ಸುಖ, ಅಪಾಯವೂ ಹೌದು. ಕುರಿ ಹಿಂಡು, ರಸ್ತೆ ಬದಿಯಲ್ಲಿ ನಡೆಯುವ ಅಜ್ಜಂದಿರು, ಮಲಗಿದ ನಾಯಿ, ಯಾರೂ ನಿಮ್ಮನ್ನು ಕೇಳಿಸಿಕೊಂಡಿರುವುದಿಲ್ಲ. ದೂರದಿಂದಲೇ ಒಮ್ಮೆ ಮೆಲ್ಲಗೆ ಹಾರ್ನ್ ಮಾಡಿ ವೇಗ ಇಳಿಸಿ. ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆಯೇ ಹುರುಳಿ ಹರಡಿರುತ್ತಾರೆ. ಆ ಬಳ್ಳಿ ಚೈನಿಗೆ ಸುತ್ತಿಕೊಂಡರೆ ಚಕ್ರವೇ ನಿಲ್ಲುತ್ತದೆ. ಒಮ್ಮೆ ಹಾಗಾಗಿ, ಕತ್ತರಿಯಿಲ್ಲದೆ ಅರ್ಧ ಗಂಟೆ ಕುಳಿತು ಉಗುರಿನಲ್ಲಿ ಬಿಡಿಸಿದ್ದೇನೆ. ಈಗ ಸೀಟಿನ ಕೆಳಗೆ ಒಂದು ಸಣ್ಣ ಕುಡುಗೋಲೇ ಇದೆ.

ಟೈರಿನ ಗಾಳಿಯನ್ನು ವಾರಕ್ಕೊಮ್ಮೆ ನೋಡಿ. ಗಾಳಿ ಕಡಿಮೆಯಾದ ವಾರ ನನ್ನ ಪುಸ್ತಕದಲ್ಲಿ 29 ಇದ್ದದ್ದು 27ಕ್ಕೆ ಇಳಿದು, ತುಂಬಿಸಿದ ಮರುದಿನವೇ ಮೇಲೆ ಬಂದಿದೆ. ಪುಸ್ತಕ ಇಡಿ ಎಂದು ಒತ್ತಿ ಹೇಳುವುದು ಇದಕ್ಕೇ: ಗಾಳಿ ಇಳಿದದ್ದು, ಬ್ರೇಕ್ ಹಿಡಿದುಕೊಂಡದ್ದು, ಬ್ಯಾಟರಿ ಸೊರಗುತ್ತಿರುವುದು, ಎಲ್ಲವೂ ಮೊದಲು ಅಲ್ಲಿ ಕಾಣಿಸುತ್ತದೆ. ಹಿಂದಿನ ಚಕ್ರದಲ್ಲೇ ಮೋಟಾರ್ ಇರುವ ಬೈಕಾದರೆ ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ನಿಮ್ಮ ಬಳಿಯೇ ಇರಲಿ. ತಂತಿಗಳಿರುವ ಆ ಚಕ್ರವನ್ನು ಬಿಚ್ಚಲು ಹಳ್ಳಿಯ ಪಂಕ್ಚರ್ ಅಂಗಡಿಯವರು ಒಪ್ಪುವುದು ಕಷ್ಟ. ತೊಳೆಯುವಾಗ ಬಕೆಟ್ಟು ಬಟ್ಟೆ ಸಾಕು, ರಭಸದ ಪೈಪ್ ಬೇಡ.

ಸರ್ವಿಸ್ ಸೆಂಟರ್ ನಿಮ್ಮ ಊರಿನಲ್ಲಿದೆಯೇ ಎಂದು ಕೇಳಿದರೆ ಸಾಲದು, ಚಾರ್ಜರ್ ಮತ್ತು ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರ್ ಅಲ್ಲಿ ದಾಸ್ತಾನಿದೆಯೇ ಎಂದು ಕೇಳಿ. ಹದಿನಾಲ್ಕನೇ ತಿಂಗಳಲ್ಲಿ ನನ್ನ ಚಾರ್ಜರ್ ಕೆಟ್ಟಿತು. ವಾರಂಟಿ ಇತ್ತು, ಹಣ ಕೊಡಲಿಲ್ಲ, ಆದರೆ ಬದಲಿ ಬರಲು ಒಂಬತ್ತು ದಿನ ಹಿಡಿಯಿತು. ಪೂರಕ ಪರೀಕ್ಷೆಯ ತರಗತಿಗಳು ನಡೆಯುತ್ತಿದ್ದ ಆ ಒಂಬತ್ತು ದಿನ ಎರಡು ಬಸ್ ಬದಲಿಸಿ ಓಡಾಡಿದೆ, ಎರಡು ದಿನ ತಡವಾಗಿ ಹೋದೆ. ಮಕ್ಕಳು ಕಾದು ಕುಳಿತಿದ್ದರು. ಅದು ಇಂದಿಗೂ ಮನಸ್ಸಿಗೆ ನೋವು.

ನಮ್ಮ ವಿಜ್ಞಾನ ಶಿಕ್ಷಕಿ ತಿಪಟೂರಿನ ಈಚೆಯಿಂದ ಬರುತ್ತಾರೆ, ಹೋಗಿ ಬಂದರೆ 88 ಕಿಲೋಮೀಟರ್. ನನ್ನ ಬೈಕಿನಂಥದ್ದೇ ಕೊಳ್ಳುತ್ತೇನೆ ಎಂದು ಮುಂಗಡ ಕಟ್ಟಲು ಹೊರಟಿದ್ದರು. ಅವರದು ಉಲ್ಟಾ ದಾರಿ: ಆಷಾಢದ ಗಾಳಿ ಅವರಿಗೆ ಎದುರಾಗುವುದು ಸಂಜೆ, ಬ್ಯಾಟರಿ ಅರ್ಧವಾದ ಮೇಲೆ. ಇಬ್ಬರೂ ಸ್ಟಾಫ್ ರೂಮಿನಲ್ಲಿ ಕುಳಿತು 88ನ್ನು 26ರಿಂದ ಭಾಗಿಸಿದೆವು, 3.4 ಬಂತು. ಮುಂದೆ ಹಳತಾಗುವ ಬ್ಯಾಟರಿಗೆಂದು ಅದನ್ನು 0.8ರಿಂದ ಭಾಗಿಸಿದೆವು, 4.2. ನನ್ನದು 3.2. ಮುಂಗಡ ಕಟ್ಟುವುದು ಅಲ್ಲಿಗೇ ನಿಂತಿತು. ಮುಂದಿನ ಶನಿವಾರ ಮಧ್ಯಾಹ್ನ ನಾಲ್ಕೂವರೆ ಯೂನಿಟ್ ಆಸುಪಾಸಿನ ಬ್ಯಾಟರಿ ಇರುವ ಬೈಕೊಂದನ್ನು ಓಡಿಸಿ ನೋಡಲು ಇಬ್ಬರೂ ಹೋಗುತ್ತಿದ್ದೇವೆ. ಅವರ ಮನೆಯ ಅರ್ತಿಂಗ್ ನೋಡಲು ಎಲೆಕ್ಟ್ರಿಷಿಯನ್ ಭಾನುವಾರ ಬರುತ್ತಾರೆ.