ಡಾಲಿಯ ಮ್ಯೂಸಿಯಂ ನೋಡುವ ಬಗೆ

ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ್ಯದ ಫಿಗೆರೆಸ್, ಚಿತ್ರಕಾರ ಸಾಲ್ವಡಾರ್ ಡಾಲಿಯ ಹುಟ್ಟೂರು. ಅಂತರ್ಯುದ್ಧದ ಕೊನೆಯಲ್ಲಿ ಸುಟ್ಟುಹೋಗಿದ್ದ ಅಲ್ಲಿನ ನಾಟಕಶಾಲೆಯನ್ನೇ ಆತ ತನ್ನ ಕನಸಿನ ಲೋಕಗಳಿಗೆ ಮನೆಯಾಗಿಸಿದ. 1974ರಲ್ಲಿ ತೆರೆದ ಈ ಮ್ಯೂಸಿಯಂ ಬಾರ್ಸಿಲೋನಾದಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಟಿಕೆಟನ್ನು ಮುಂಚೆಯೇ ಕಾಯ್ದಿರಿಸಿ, ಬಾಗಿಲು ತೆರೆಯುವ ಹೊತ್ತಿಗೇ ಒಳಹೋಗುವುದು ಲೇಸು.

ಕರಗಿ ಇಳಿಬಿದ್ದ ಗಡಿಯಾರಗಳಿರುವ ಡಾಲಿಯ ಹೆಸರಾಂತ ಚಿತ್ರದ ಮೂಲವನ್ನು ಇಲ್ಲಿ ಹುಡುಕಬೇಡಿ. 1931ರ ಆ ಕೃತಿ ಇರುವುದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ; ಅದರ ಅಳತೆಯೂ 24 × 33 ಸೆಂ.ಮೀ., ಶಾಲೆಯ ಸ್ಲೇಟಿಗಿಂತ ತುಸು ದೊಡ್ಡದು, ಅಷ್ಟೇ.

ಪ್ರತಿ ಚಿತ್ರದ ಮುಂದೆಯೂ ಅರ್ಥ ಹುಡುಕುತ್ತ ನಿಲ್ಲುವುದಕ್ಕಿಂತ ನಿಂತ ಜಾಗವನ್ನು ಬದಲಿಸುತ್ತ ನೋಡುವುದು ಮೇಲು, ಏಕೆಂದರೆ ಒಂದೇ ಆಕಾರದೊಳಗೆ ಎರಡು ಬಿಂಬಗಳನ್ನು ಅಡಗಿಸುವುದು ಡಾಲಿಗೆ ಬಲು ಪ್ರಿಯವಾದ ಕೈಚಳಕ. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಒಂದೇ ತಲೆಯನ್ನು ಹಂಚಿಕೊಂಡ ಆನೆ ಮತ್ತು ಎತ್ತಿನ ಶಿಲ್ಪವನ್ನು ಕೈಯಿಂದ ಅರ್ಧ ಮರೆಮಾಡಿ ನೋಡಿದವರಿಗೆ ಈ ಆಟ ಹೊಸತಲ್ಲ.

ಗಾಜಿನ ಗುಮ್ಮಟದ ಕೆಳಗೆ, ಹಿಂದೆ ರಂಗಸ್ಥಳವಿದ್ದ ಕಡೆ, 1975ರ ಒಂದು ಬೃಹತ್ ಚಿತ್ರವಿದೆ, ಅಲ್ಲಿಂದಲೇ ಆರಂಭಿಸಿ. ಹತ್ತಿರದಿಂದ ಕಾಣುವುದು ನಮಗೆ ಬೆನ್ನು ಮಾಡಿ ಸಮುದ್ರವನ್ನು ನೋಡುತ್ತಿರುವ ಗಾಲಾ, ಅಂದರೆ ಡಾಲಿಯ ಮಡದಿ. ಮೆಲ್ಲನೆ ಹಿಂದೆ ಸರಿದರೆ, ಚಿತ್ರದ ಹೆಸರೇ ಹೇಳುವ ಹಾಗೆ 18 ಮೀಟರ್ ದೂರದಲ್ಲಿ, ಬಣ್ಣದ ಚೌಕಗಳೆಲ್ಲ ಕೂಡಿಕೊಂಡು ಅಬ್ರಹಾಂ ಲಿಂಕನ್ನನ ಮುಖವಾಗುತ್ತವೆ. ಜನಸಂದಣಿಯಲ್ಲಿ ಅಷ್ಟು ಹಿಂದೆ ಹೋಗಲಾಗದಿದ್ದರೆ ಕಣ್ಣನ್ನು ಅರೆಮುಚ್ಚಿ, ಇಲ್ಲವೇ ಮೊಬೈಲಿನ ಪರದೆಯಲ್ಲಿ ಚಿತ್ರವನ್ನು ಕಿರಿದಾಗಿಸಿ ನೋಡಿ. ಲಿಂಕನ್ ಕಂಡನೆಂದು ಅಲ್ಲಿಂದಲೇ ಹೊರಟುಬಿಡುವವರೇ ಹೆಚ್ಚು. ಆದರೆ ಮತ್ತೆ ಹತ್ತಿರ ಬಂದು, ಯಾವ ಚೌಕ ಕಣ್ಣಾಯಿತು, ಯಾವುದು ಗಡ್ಡವಾಯಿತು ಎಂದು ಪತ್ತೆ ಹಚ್ಚುವುದರಲ್ಲೇ ಇದರ ಸವಿ ಇರುವುದು.

ಹಾಲಿವುಡ್ ನಟಿ ಮೇ ವೆಸ್ಟ್ ಹೆಸರಿನ ಕೋಣೆಯಲ್ಲಿ ಇದೇ ಉಪಾಯವನ್ನು ಪೀಠೋಪಕರಣಗಳಿಂದ ಸಾಧಿಸಲಾಗಿದೆ. ತುಟಿಯಾಕಾರದ ಸೋಫಾ, ಮೂಗಿನಾಕಾರದ ಅಗ್ಗಿಷ್ಟಿಕೆ, ಗೋಡೆಯ ಮೇಲೆ ಪ್ಯಾರಿಸ್ಸಿನ ಎರಡು ನೋಟಗಳು: ಇವನ್ನು ಮೊದಲು ಕೆಳಗೆ ಬಿಡಿಬಿಡಿಯಾಗಿ ನೋಡಿ, ಆಮೇಲೆ ಮೆಟ್ಟಿಲು ಹತ್ತಿ ಮಸೂರದ ಮೂಲಕ ಇಣುಕಿದರೆ ನಟಿಯ ಮುಖ ಕಾಣುತ್ತದೆ.

ಜೇಬಿನಲ್ಲಿ ಚಿಲ್ಲರೆ ಇರಲಿ. ಅಂಗಳದ ಕ್ಯಾಡಿಲಾಕ್ ಕಾರಿಗೆ ನಾಣ್ಯ ಹಾಕಿದರೆ ಮಳೆ ಸುರಿಯುವುದು ಕಾರಿನ ಒಳಗೆ.

ಹೊರಡುವ ಮುನ್ನ ಕೆಳಗಿನ ನೆಲಮಾಳಿಗೆಗೂ ಹೋಗಿ ಬನ್ನಿ. 1989ರಲ್ಲಿ ತೀರಿಕೊಂಡ ಡಾಲಿಯ ಸಮಾಧಿ ಇರುವುದು ಆ ರಂಗಸ್ಥಳದ ಅಡಿಯಲ್ಲೇ. ಲಿಂಕನ್ನನಿಗಾಗಿ ಹಿಂದೆ ಹಿಂದೆ ಸರಿಯುವ ಬಹಳ ಮಂದಿಗೆ ತಾವು ಅದರ ಮೇಲೆಯೇ ನಡೆದಾಡಿದೆವೆಂಬುದು ತಿಳಿದಿರುವುದಿಲ್ಲ.