ಕೊರಿಯಾದ ಸ್ಥಳೀಯ ಚುನಾವಣೆ: ಎಫ್-5 ಪಡೆದ ಕನ್ನಡಿಗರಿಗೆ

ದಕ್ಷಿಣ ಕೊರಿಯಾದ ಪೌರತ್ವ ಪಡೆಯದೆಯೂ ಇಲ್ಲಿ ಮತ ಹಾಕಬಹುದು ಎಂಬುದು ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲ. ಅಧ್ಯಕ್ಷರ ಚುನಾವಣೆಗೂ ಸಂಸತ್ತಿನ ಚುನಾವಣೆಗೂ ಈ ಹಕ್ಕು ಇಲ್ಲ, ಸ್ಥಳೀಯ ಚುನಾವಣೆಗೆ ಮಾತ್ರ ಇದೆ. 2005ರಲ್ಲಿ ಕಾನೂನು ತಿದ್ದಿ 2006ರ ಚುನಾವಣೆಯಿಂದ ಜಾರಿಗೆ ತಂದರು. 18 ವರ್ಷ ತುಂಬಿರಬೇಕು, ಕಾಯಂ ವಾಸದ ಎಫ್-5 ವೀಸಾ ಸಿಕ್ಕಿ ಮೂರು ವರ್ಷ ಕಳೆದಿರಬೇಕು, ನೀವಿರುವ ಊರಿನ ವಿದೇಶಿಯರ ದಾಖಲೆಯಲ್ಲಿ ಹೆಸರಿರಬೇಕು. ಜನ ಎಡವುವುದು ಎರಡನೆಯ ಷರತ್ತಿನಲ್ಲಿ. ಮೂರು ವರ್ಷದ ಲೆಕ್ಕ ಇಂಚಿಯಾನ್ ವಿಮಾನ ನಿಲ್ದಾಣದಲ್ಲಿ ಇಳಿದ ದಿನದಿಂದಲ್ಲ, ಎಫ್-5 ಸಿಕ್ಕ ದಿನದಿಂದ. ಇ-7 (ವೃತ್ತಿಪರ ಕೆಲಸ) ಅಥವಾ ಎಫ್-2 (ದೀರ್ಘಾವಧಿ ವಾಸ) ವೀಸಾದಲ್ಲಿ ಕಳೆದ ವರ್ಷಗಳು ಇದಕ್ಕೆ ಸೇರುವುದಿಲ್ಲ.

ಬೇರೆ ಅರ್ಜಿ ಹಾಕಬೇಕಿಲ್ಲ. ಚುನಾವಣೆಗೆ 22 ದಿನ ಮುಂಚೆ ನಿಮ್ಮ ವಿಳಾಸ ಎಲ್ಲಿದೆಯೋ ಅಲ್ಲಿನ ಆಡಳಿತವೇ ನಿಮ್ಮನ್ನು ಪಟ್ಟಿಗೆ ಸೇರಿಸುತ್ತದೆ. ಮನೆ ಬದಲಿಸಿದವರು 15 ದಿನದೊಳಗೆ ವಿಳಾಸ ಬದಲಾವಣೆ ತಿಳಿಸಿಬಿಡಿ. ತಡಮಾಡಿದರೆ ದಂಡ ಬೀಳುವುದಲ್ಲದೆ, ಬಿಟ್ಟುಬಂದ ಊರಿನ ಮೇಯರ್‌ಗೆ ಮತ ಹಾಕಬೇಕಾದೀತು. ಮತಗಟ್ಟೆ ಎಲ್ಲಿ, ಪಟ್ಟಿಯಲ್ಲಿ ನಿಮ್ಮ ಕ್ರಮಸಂಖ್ಯೆ ಎಷ್ಟು ಎಂಬ ವಿವರ ಅಂಚೆಯಲ್ಲಿ ಮನೆಗೇ ಬರುತ್ತದೆ. ಜೊತೆಗೆ ಅಭ್ಯರ್ಥಿಗಳ ಪರಿಚಯ ಪತ್ರಗಳ ದಪ್ಪ ಲಕೋಟೆಯೂ ಇರುತ್ತದೆ. ಅದನ್ನು ಕಸದ ಬುಟ್ಟಿಗೆ ಹಾಕಬೇಡಿ. ಅಭ್ಯರ್ಥಿಯ ಆಸ್ತಿ, ತೆರಿಗೆ ಬಾಕಿ, ಸೇನಾ ಸೇವೆ, ಅಪರಾಧ ದಾಖಲೆ ಎಲ್ಲವೂ ಅದರಲ್ಲಿ ಅಚ್ಚಾಗಿರುತ್ತವೆ. ಫೋನಿನ ಅನುವಾದ ಆಪ್ ಹಿಡಿದು ಆ ಒಂದು ಪುಟ ಓದಿದರೂ ಸಾಕಷ್ಟು ತಿಳಿಯುತ್ತದೆ.

ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಬುಧವಾರ, ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ. 2022ರಲ್ಲಿ ಜೂನ್ 1, 2026ರಲ್ಲಿ ಜೂನ್ 3. ಆ ದಿನ ನಿಮಗೆ ಗೊತ್ತುಮಾಡಿದ ಮತಗಟ್ಟೆಗೇ ಹೋಗಬೇಕು. ಹಿಂದಿನ ವಾರದ ಶುಕ್ರವಾರ, ಶನಿವಾರ ನಡೆಯುವ ಮುಂಗಡ ಮತದಾನಕ್ಕಾದರೆ ದೇಶದ ಯಾವ ಮುಂಗಡ ಮತಗಟ್ಟೆಗಾದರೂ ಹೋಗಬಹುದು. ನಿಮ್ಮ ಕ್ಷೇತ್ರದ ಹೊರಗೆ ಹಾಕುವವರಿಗೆ ಒಂದು ಲಕೋಟೆ ಕೊಡುತ್ತಾರೆ. ಎಲ್ಲ ಚೀಟಿಗಳನ್ನೂ ಅದರೊಳಗಿಟ್ಟು ಅಂಟಿಸಿ ಪೆಟ್ಟಿಗೆಗೆ ಹಾಕಬೇಕು. ಮುಂಗಡ ಮತದಾನಕ್ಕೂ ಚುನಾವಣೆಯ ದಿನಕ್ಕೂ ಫೋಟೊ ಇರುವ ನಿವಾಸಿ ಕಾರ್ಡ್ ಕೈಯಲ್ಲಿರಲಿ. ಮೈಸೂರಿನ ಅಳಿಸಲಾಗದ ಶಾಯಿಗೆ ಇಲ್ಲಿ ಕೆಲಸವಿಲ್ಲ, ಗುರುತಿನ ಚೀಟಿ ನೋಡಿ ಹೆಸರು ತಾಳೆ ಹಾಕುತ್ತಾರೆ.

ಸಾಮಾನ್ಯವಾಗಿ ಏಳು ಮತಚೀಟಿ. ಮತದಾನದ ದಿನ ಮೊದಲು ಮೂರು: ಮಹಾನಗರದ ಮೇಯರ್ ಅಥವಾ ಪ್ರಾಂತ್ಯದ ಗವರ್ನರ್, ಶಿಕ್ಷಣಾಧಿಕಾರಿ, ನಿಮ್ಮ ಗು (ಮಹಾನಗರದೊಳಗಿನ ಆಡಳಿತ ವಿಭಾಗ) ಅಥವಾ ನಗರದ ಮುಖ್ಯಸ್ಥ. ಅವನ್ನು ಹಾಕಿ ಬಂದ ಮೇಲೆ ಉಳಿದ ನಾಲ್ಕು: ಎರಡು ಹಂತದ ಪರಿಷತ್ತುಗಳ ಕ್ಷೇತ್ರದ ಸದಸ್ಯರಿಗೆ ಎರಡು, ಅವೇ ಪರಿಷತ್ತುಗಳಿಗೆ ಪಕ್ಷವನ್ನು ಆರಿಸಲು ಎರಡು. ಮೂರು ಹಾಕಿ ಮುಗಿಯಿತೆಂದು ಹೊರಟುಬಿಡಬೇಡಿ. ಮುಂಗಡ ಮತದಾನದಲ್ಲಿ ಏಳನ್ನೂ ಒಟ್ಟಿಗೆ ಕೊಡುತ್ತಾರೆ. ಸೆಜೊಂಗ್, ಜೆಜುಗಳಲ್ಲಿ ಕೆಳಹಂತದ ಪರಿಷತ್ತು ಇಲ್ಲದ್ದರಿಂದ ಚೀಟಿ ಕಡಿಮೆ. ಅವಿರೋಧ ಆಯ್ಕೆಯಾದ ಹುದ್ದೆಗೂ ಚೀಟಿ ಇರುವುದಿಲ್ಲ.

ನಮ್ಮಲ್ಲಿ ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ. ಇಲ್ಲಿ ತೀರಾ ಕೆಳಗಿನ ಪರಿಷತ್ತಿಗೂ 2006ರಿಂದ ಪಕ್ಷಗಳು ಟಿಕೆಟ್ ಕೊಡುತ್ತವೆ. ಪಕ್ಷವಿಲ್ಲದ್ದು ಶಿಕ್ಷಣಾಧಿಕಾರಿ ಹುದ್ದೆಗೆ ಮಾತ್ರ. ಆ ಚೀಟಿಯಲ್ಲಿ ಅಭ್ಯರ್ಥಿಗಳಿಗೆ ಸಂಖ್ಯೆಯೂ ಇಲ್ಲ, ಹೆಸರುಗಳ ಕ್ರಮವೂ ಕ್ಷೇತ್ರದಿಂದ ಕ್ಷೇತ್ರಕ್ಕೆ ಬದಲಾಗುತ್ತದೆ. ಹಾಗಾಗಿ ಹೆಸರನ್ನೇ ನೆನಪಿಟ್ಟುಕೊಂಡು ಹೋಗಿ. ಉಳಿದ ಚೀಟಿಗಳಲ್ಲಿ ಸಂಸತ್ತಿನಲ್ಲಿ ಹೆಚ್ಚು ಸ್ಥಾನವಿರುವ ಪಕ್ಷಕ್ಕೆ ಸಂಖ್ಯೆ 1, ನಂತರದ್ದಕ್ಕೆ 2. ಗು ಪರಿಷತ್ತಿನ ಚೀಟಿಯಲ್ಲೇ ಹೆಚ್ಚು ಮತ ಹಾಳಾಗಬಹುದಾದದ್ದು. ಒಂದು ಕ್ಷೇತ್ರದಿಂದ ಸಾಮಾನ್ಯವಾಗಿ ಎರಡರಿಂದ ನಾಲ್ಕು ಜನ ಗೆಲ್ಲುತ್ತಾರೆ, ಒಂದೇ ಪಕ್ಷ 1-ಗಾ, 1-ನಾ (ನಮ್ಮ 1-ಅ, 1-ಆ ಇದ್ದಂತೆ) ಎಂದು ಇಬ್ಬರನ್ನು ನಿಲ್ಲಿಸುತ್ತದೆ. ನೀವು ಮುದ್ರೆ ಒತ್ತಬೇಕಾದ್ದು ಒಬ್ಬರಿಗೆ ಮಾತ್ರ. ಇಬ್ಬರಿಗೂ ಒತ್ತಿದರೆ ಮತ ಅಸಿಂಧು.

ಪ್ರಾದೇಶಿಕ ಪಕ್ಷ ಕಟ್ಟಲು ಇಲ್ಲಿ ಕಾನೂನೇ ಬಿಡುವುದಿಲ್ಲ. ಕೇಂದ್ರ ಕಚೇರಿ ಸೋಲ್‌ನಲ್ಲಿರಬೇಕು, ಕನಿಷ್ಠ ಐದು ಪ್ರಾಂತ್ಯ ಘಟಕಗಳು, ಪ್ರತಿಯೊಂದರಲ್ಲೂ 1,000 ಸದಸ್ಯರು ಬೇಕು. ಇದರಿಂದ ಊರಿನ ಬಸ್ಸು, ಶಾಲೆಗಳ ವಿಷಯವೂ ಡೆಮಾಕ್ರಟಿಕ್ ಪಕ್ಷ ಮತ್ತು ಪೀಪಲ್ ಪವರ್ ಪಕ್ಷಗಳ ರಾಷ್ಟ್ರೀಯ ಜಗಳದಲ್ಲಿ ಮುಚ್ಚಿಹೋಗುತ್ತದೆ. ಗ್ವಾಂಗ್‌ಜು ಕಡೆ ಮೊದಲನೆಯದು, ಟೇಗು ಕಡೆ ಎರಡನೆಯದು ಬಹುಕಾಲದಿಂದ ಬಲವಾಗಿವೆ. ಅಲ್ಲಿ ಪಕ್ಷದ ಟಿಕೆಟ್ ಸಿಕ್ಕಿದರೆ ಅರ್ಧ ಗೆದ್ದಂತೆ. ರಾಜಧಾನಿಯ ಸುತ್ತ ಹಾಗಲ್ಲ. 2022ರಲ್ಲಿ ಗ್ಯೋಂಗಿ ಪ್ರಾಂತ್ಯದ ಗವರ್ನರ್ ಗೆದ್ದದ್ದು 8,913 ಮತಗಳಿಂದ. ಅಲ್ಲಿರುವ ಕನ್ನಡಿಗರು ತಮ್ಮ ಒಂದು ಮತದಿಂದ ಏನಾದೀತು ಎನ್ನುವ ಹಾಗಿಲ್ಲ.

ಈಗ ಎಚ್ಚರಿಕೆಯ ಮಾತು. ವಿದೇಶಿಯರು ಪಕ್ಷದ ಸದಸ್ಯರಾಗುವಂತಿಲ್ಲ, ರಾಜಕೀಯ ದೇಣಿಗೆ ಕೊಡುವಂತಿಲ್ಲ. ಮತದ ಹಕ್ಕಿಲ್ಲದವರು ಪ್ರಚಾರ ಮಾಡುವುದೂ ಅಪರಾಧ. ವಿದ್ಯಾರ್ಥಿಗಳು ಕಕಾವ್‌ಟಾಕ್ ಆಪ್‌ನ ಗುಂಪಿನಲ್ಲಿ ‘ಇವರಿಗೆ ಮತ ಹಾಕಿ’ ಎಂಬ ಸಂದೇಶ ಹಂಚಬೇಡಿ. ಇನ್ನು ದೀಪಾವಳಿ, ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಅಭ್ಯರ್ಥಿಯೊಬ್ಬರು ಊಟದ ಖರ್ಚು ನಮ್ಮದು ಎಂದರೆ ಒಪ್ಪಲೇಬೇಡಿ. ಉಂಡವರಿಗೂ ಉಂಡದ್ದರ ಬೆಲೆಯ 10ರಿಂದ 50 ಪಟ್ಟು, 3 ಕೋಟಿ ವಾನ್‌ವರೆಗೆ ದಂಡವಿದೆ. 20,000 ವಾನ್ ಊಟಕ್ಕೆ 10 ಲಕ್ಷ ವಾನ್ ಕಟ್ಟಬೇಕಾಗಬಹುದು.

ಮತಗಟ್ಟೆಯೊಳಗೆ ಅಲ್ಲಿಟ್ಟಿರುವ ಮುದ್ರೆಯನ್ನೇ ಬಳಸಿ. ಪೆನ್ನಿನ ಗುರುತು ಅಸಿಂಧು. ಒಬ್ಬರಿಗೇ ಎರಡು ಸಲ ಒತ್ತಿದರೆ ತೊಂದರೆಯಿಲ್ಲ, ಇಬ್ಬರ ನಡುವಿನ ಗೆರೆಯ ಮೇಲೆ ಒತ್ತಿದರೆ ಮತ ಹೋಯಿತು. ನಿಮ್ಮ ತಪ್ಪಿನಿಂದ ಹಾಳಾದ ಚೀಟಿಗೆ ಬದಲಿ ಕೊಡುವುದಿಲ್ಲ. ಗುರುತು ಮಾಡಿದ ಚೀಟಿಯ ಫೋಟೊ ತೆಗೆಯಬೇಡಿ, ಅದಕ್ಕೂ ಶಿಕ್ಷೆ ಇದೆ. ಫೋಟೊ ಬೇಕಿದ್ದರೆ ಹೊರಗಿನ ಫಲಕದ ಮುಂದೆ ತೆಗೆದುಕೊಳ್ಳಿ. ಅನುಮಾನ ಬಂದರೆ ಚುನಾವಣಾ ಆಯೋಗದ 1390ಕ್ಕೆ, ವೀಸಾ ಮತ್ತು ವಿಳಾಸದ ವಿಷಯಕ್ಕೆ 1345ಕ್ಕೆ ಕರೆ ಮಾಡಿ.