ಕೊಲ್ಲಿ ನೀರಲ್ಲಿ ದಿನಕ್ಕೆ ಹನ್ನೆರಡು ಯೂನಿಟ್

"ಐನೂರು ವ್ಯಾಟ್‌ಗೆ ಇಷ್ಟು ದುಡ್ಡಾ?" ನಮ್ಮ ಕೊಲ್ಲಿ, ಅಂದರೆ ಗುಡ್ಡದಿಂದ ಇಳಿಯುವ ತೊರೆಯ ನೀರಿನಿಂದ ಕರೆಂಟ್ ಮಾಡುವ ನನ್ನ ಪುಟ್ಟ ಯಂತ್ರ ನೋಡಿ ಕೊಡಗಿನ ಗಾಳಿಬೀಡು ಕಡೆಯ ತೋಟದವರು ಹೀಗೆ ಕೇಳದ ದಿನವಿಲ್ಲ. ಅವರು ವ್ಯಾಟ್ ನೋಡಿದರು, ನಾನು ಯೂನಿಟ್ ಲೆಕ್ಕ ಹಾಕಿದೆ. ಸಾವಿರ ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಹಗಲೂ ರಾತ್ರಿ ಓಡಿದರೆ 24 ಗಂಟೆಗೆ 12 ಯೂನಿಟ್ ಆಯಿತಲ್ವಾ? ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ನಮ್ಮ ಮನೆಗೆ ಬೇಕಾಗುವುದು ದಿನಕ್ಕೆ ಐದಾರು ಯೂನಿಟ್.

ಮೊದಲು ಜನರೇಟರ್ ಇತ್ತು. ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ, ಕೈಗೆ ಸಿಗುತ್ತಿದ್ದದ್ದು ಮೂರೂ ಇಲ್ಲ. ಅಂದರೆ ಯೂನಿಟ್‌ಗೆ ಮೂವತ್ತು ರೂಪಾಯಿ ಮೇಲೆ. ಆಮೇಲೆ 150 ಆಂಪಿಯರ್ ಅವರ್ ಬ್ಯಾಟರಿ ತಂದೆ. 12 ವೋಲ್ಟ್‌ನಿಂದ ಗುಣಿಸಿದರೆ 1.8 ಯೂನಿಟ್, ಬಳಸಲು ಸಿಗುವುದು ಅದರ ಅರ್ಧ. ಅಂಗಡಿಯಲ್ಲಿ ಈ ಲೆಕ್ಕ ಯಾರೂ ಹೇಳಲಿಲ್ಲ.

ಕೊಲ್ಲಿಯಲ್ಲಿ 20 ಲೀಟರ್ ಬಕೆಟ್ ನಾಲ್ಕು ಸೆಕೆಂಡಿಗೆ ತುಂಬುತ್ತಿತ್ತು. ನೀರು ಇಳಿಯುವ ಎತ್ತರ 20 ಮೀಟರ್. ಐದು ಲೀಟರ್, 20 ಮೀಟರ್, 9.81 ಗುಣಿಸಿದರೆ 980 ವ್ಯಾಟ್ ಹತ್ತಿರ. ಅರ್ಧ ಸಿಕ್ಕರೆ ಸಾಕು ಅಂದುಕೊಂಡಿದ್ದೆ. ಮೊದಲ ಸಲ ಬಂದದ್ದು ನೂರಿಪ್ಪತ್ತು! ದುಡ್ಡು ಉಳಿಸಲು ಎರಡಿಂಚಿನ ಪೈಪ್ ಹಾಕಿದ್ದೆ, ಒತ್ತಡವೆಲ್ಲ ಪೈಪಿನ ಉಜ್ಜಾಟಕ್ಕೇ ಹೋಯಿತು. ಹದಿನೆಂಟು ಸಾವಿರ ನೀರುಪಾಲು. ನಾಲ್ಕಿಂಚಿನದು ಹಾಕಿದ ಮೇಲೆ ಪೆಲ್ಟನ್ ಚಕ್ರ (ನೀರಿನ ಚಿಮ್ಮುವಿಕೆಗೆ ತಿರುಗುವ ಬಟ್ಟಲುಗಳ ಚಕ್ರ) 500 ವ್ಯಾಟ್ ಕೊಟ್ಟಿತು. ಆದರೆ ಎಲೆ, ಕಸ ಸಿಕ್ಕಿ ದಿನಕ್ಕೆ ಮೂರು ಸಲ ನಿಲ್ಲುತ್ತಿತ್ತು. ಪೈಪಿನ ಬಾಯಿಗೆ ಬಲೆ ಕಟ್ಟುವ ರೀತಿ ಬದಲಿಸಿದ ಮೇಲೆ ಎರಡು ವಾರ ಮುಟ್ಟಿಲ್ಲ. ಹೇಗೆ ಕಟ್ಟಿದೆ ಅಂತ ಇಲ್ಲಿ ಬರೆಯಲ್ಲ, ಬಂದರೆ ತೋರಿಸುತ್ತೇನೆ. ಒಟ್ಟು ಖರ್ಚು ತೊಂಬತ್ತು ಸಾವಿರದ ಆಸುಪಾಸು.

ಉಳಿದ ಯೂನಿಟ್ ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಒಂದು ಯೂನಿಟ್ ಅಂದರೆ 860 ಕಿಲೋಕ್ಯಾಲರಿ; ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಒಂದು ಕಿಲೋಕ್ಯಾಲರಿ ಬೇಕು. ನೂರು ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಮೂರೂವರೆ ಯೂನಿಟ್ ಸಾಕು. ರಾತ್ರಿಯಿಡೀ ಕಾದು ಬೆಳಿಗ್ಗೆ ಸ್ನಾನಕ್ಕೆ ಸಿದ್ಧ. ಜಡಿಮಳೆಯಲ್ಲಿ ಹಸಿ ಸೌದೆ ಊದುವ ಕೆಲಸ ತಪ್ಪಿತು.

ಏಲಕ್ಕಿ ಒಣಗಿಸಿಯೂ ನೋಡಿದೆ. ಐದು ಕೆಜಿ ಹಸಿ ಏಲಕ್ಕಿಯಿಂದ ನಾಲ್ಕು ಕೆಜಿ ನೀರು ಹೋಗಬೇಕು, ಲೆಕ್ಕಕ್ಕೆ ಎರಡೂವರೆ ಯೂನಿಟ್. ನಾನು ಒಣಗಿಸಲು ಮಾಡಿದ ಪೆಟ್ಟಿಗೆ ಆರು ತಿಂದಿತು. ಬಣ್ಣ ಮಾತ್ರ ಗಿಳಿಹಸಿರು! ಈ ಸಲ ಪೆಟ್ಟಿಗೆಗೆ ಒಳಗಿಂದ ಥರ್ಮೋಕೋಲ್ ಕೂರಿಸುತ್ತಿದ್ದೇನೆ.

ಫೆಬ್ರವರಿಗೆ ಕೊಲ್ಲಿ ಬತ್ತುತ್ತದೆ, ಆಗ ಲೈನ್ ಕರೆಂಟೇ. ಹೋದ ಮಳೆಗಾಲದಲ್ಲಿ ಜನರೇಟರ್‌ಗೆ ಒಂದು ಲೀಟರ್ ಡೀಸೆಲ್ ಹಾಕಲಿಲ್ಲ. ಮೊದಲು ಕೇಳಿದವರಲ್ಲಿ ಇಬ್ಬರು ಈಗ ಬಕೆಟ್ ಹಿಡಿದು ತಮ್ಮ ಕೊಲ್ಲಿ ಅಳೆಯುತ್ತಿದ್ದಾರೆ.